ಪಾಲಬಾವಿಯ ಗುಡ್ಡಕ್ಕೆ ಗೊಬ್ಬರ, ಹಳ್ಳಕ್ಕೆ ಪಾಚಿ

ಜೂನ್ ಮೊದಲ ವಾರ, ಬೆಳಗಿನ ಪ್ಯಾಸೆಂಜರ್ ರೈಲನ್ನು ಶೇಡಬಾಳದಲ್ಲಿ ಹತ್ತಿದೆ. ಪಾಲಬಾವಿಯಲ್ಲಿರುವ ಅಕ್ಕ ಸುಶೀಲಾ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಹಳ್ಳದ ನೀರು ಕೆಟ್ಟೈತಿ, ಬಂದು ನೋಡು." ಕೃಷ್ಣೆಯ ಸೇತುವೆ ದಾಟಿ ರಾಯಬಾಗದಲ್ಲಿ ಇಳಿದೆ. ಹಾರೂಗೇರಿಯವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೊ. ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಊರು ಮುಟ್ಟಿದಾಗ ಹನ್ನೊಂದು ಗಂಟೆ.

ಅಕ್ಕ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ, ಕೊಡ ಹಿಡಿದು ಹಳ್ಳಕ್ಕೆ ಕರೆದೊಯ್ದಳು. ನಮ್ಮದು ಜೈನರ ಮನೆ. ನೀರನ್ನು ಸೋಸದೆ ಕುಡಿಯುವುದಿಲ್ಲ. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮಡುವಿನ ನೀರು ಸುರಿದಳು. ಎರಡನೇ ತಂಬಿಗೆಗೆ ಬಟ್ಟೆಯ ಮೇಲೆ ಹಸಿರು ಲೋಳೆ ಕಟ್ಟಿ, ನೀರು ಕೆಳಗಿಳಿಯುವುದೇ ನಿಂತಿತು.

"ಗುಡ್ಡದ ಗಿಡಕ್ಕ ಯೂರಿಯಾ ಚೆಲ್ಲಿದ್ರು. ಒಂದು ಅಡ್ಡಮಳಿಗೆ ಎಲ್ಲಾ ಇಲ್ಲಿಗೆ ಇಳೀತು. ಎಂಟು ದಿನದಾಗ ಪಾಚಿ. ಆಮ್ಯಾಲ ಮೀನು ಬೆಳ್ಳಗ ತೇಲಿದ್ವು. ಎಮ್ಮಿ ಸೈತ ಮೂಸಿ ಹೊಳ್ಳಿ ಹೋಗ್ತಾವ," ಎಂದಳು.

ಸಿಟ್ಟಿನಲ್ಲೇ ಗುಡ್ಡ ಹತ್ತಿದೆ. ಅಕ್ಕ ಹಿಂದೆಯೇ ಬಂದಳು. ಸರಕಾರಿ ನೀಲಗಿರಿ ನೆಡುತೋಪಿನಲ್ಲಿ ಎರಡನೇ ಸಲದ ಗೊಬ್ಬರ ಆಗಲೇ ಬಿದ್ದಿತ್ತು. ಹಳ್ಳದ ದಂಡೆಯವರೆಗೂ ಬಿಳಿ ಕಾಳು. ಕೂಲಿಗಳ ಮೇಲೆ ನಿಗಾ ಇಡುವ ಗುತ್ತಿಗೆದಾರನ ಮುಕಾದಮ ನೆರಳಿನಲ್ಲಿ ಕುಳಿತಿದ್ದ.

"ದಂಡಿತನಾ ಯಾಕ ಚೆಲ್ಲೀರಿ?" ಎಂದೆ.

"ಫಾರೆಸ್ಟ್ ಸಾಹೇಬ್ರು ನೋಡಾಕ ಬರೂದ್ರಾಗ ಗಿಡ ಹಸರಾಗಿ ಕಾಣಬೇಕಂತ್ರಿ."

"ಹಳ್ಳಾನೂ ಹಸರಾಗೈತಿ, ಅದನ್ನ ಯಾರಿಗೆ ತೋರಸ್ತೀರಿ?"

"ಹಳ್ಳ ನಮ್ಮ ಕೆಲಸದಾಗ ಬರೂದಿಲ್ರಿ."

ಆ ಉತ್ತರ ಇಂದಿಗೂ ಮೈ ಉರಿಸುತ್ತದೆ. ಕಬ್ಬಿಗೆ ನಾನೂ ಯೂರಿಯಾ ಹಾಕುವವನೇ. ಆದರೆ ಬೇರು ಹೀರಲಾರದಷ್ಟನ್ನು, ಮಳೆಯ ಮುನ್ನಾದಿನ, ಇಳಿಜಾರಿನಲ್ಲಿ ಯಾರೂ ಚೆಲ್ಲುವುದಿಲ್ಲ.

ಅಕ್ಕ ಖಾಲಿ ಚೀಲ ತೆಗೆದುಕೊಂಡು ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಾಳು ಬಾಚತೊಡಗಿದಳು. ನಾನೂ ಕುಳಿತೆ. ಬೆಳಿಗ್ಗೆ ಗೊಬ್ಬರ ಚೆಲ್ಲಿದ್ದ ಇಬ್ಬರು ಕೂಲಿ ಹೆಂಗಸರು ಮುಕಾದಮನ ಮುಖ ನೋಡಿದರು, ಆಮೇಲೆ ಬಂದು ನಮ್ಮ ಜೊತೆ ಬಾಚಿದರು. ಬೆವರಿಗೆ ಗೊಬ್ಬರ ಕರಗಿ ಕೈ ಉರಿಯಿತು. ಮೂರು ಗಂಟೆಯವರೆಗೆ ತುಂಬಿದ್ದು ಒಂದೂವರೆ ಚೀಲ. ಅರ್ಧ ದಂಡೆ ಹಾಗೇ ಉಳಿದಿತ್ತು.

"ನೀ ಹೋಗು, ಗಾಡಿ ತಪ್ಪೀತು," ಎಂದಳು ಅಕ್ಕ, ತಲೆ ಎತ್ತದೆ.

ರಾಯಬಾಗ ಸ್ಟೇಶನ್ನಿನಲ್ಲಿ ದಪ್ಪ ಹನಿಗಳು ಬಿದ್ದವು. "ಛಲೋ ಆತು ಬಿಡ್ರಿ," ಎಂದು ಪಕ್ಕದ ರೈತ ನಕ್ಕ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನಾನು ಜೀವನದಲ್ಲಿ ಮೊದಲ ಸಲ ಮಳೆಗೆ ನಿಲ್ಲು ಎಂದೆ. ಮೋಡ ಪಾಲಬಾವಿಯ ಕಡೆಗೇ ಸಾಗಿತ್ತು.