ಮಳೆಮಾಪಕಕ್ಕೆ ಹಿಡಿದ ಕೊಡೆ

ಗುಬ್ಬಿಯಲ್ಲಿ ಇಡೀ ದಿನ ಮಳೆ ಹೊಡೆದರೂ ಅಲ್ಲಿಂದ ಬಂದ ಮಳೆಯ ಲೆಕ್ಕ ಸೊನ್ನೆ. ಇದಕ್ಕೆ ಕಾರಣ ಮೋಡವಲ್ಲ, ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನಲ್ಲಿ ಕೆರೆಗಳನ್ನು ನೋಡಿಕೊಳ್ಳುವ ಒಂದು ಕಚೇರಿಗೆ ಮಳೆಗಾಲದ ಮಟ್ಟಿಗೆ ಸೇರಿದ ವೈರ್‌ಲೆಸ್ ಆಪರೇಟರ್ ನಾನು. ಒಂದು ಸೆಟ್ ನಮ್ಮಲ್ಲಿ, ಒಂದು ಗುಬ್ಬಿಯಲ್ಲಿ, ಇನ್ನೊಂದು ಕುಣಿಗಲ್ಲಿನಲ್ಲಿ. ಗಾಳಿಗೆ ಫೋನಿನ ತಂತಿ ಹರಿದರೂ ಕೆರೆಯ ಸುದ್ದಿ ನಿಲ್ಲಬಾರದೆಂದು ಈ ಏರ್ಪಾಡು. ಸಂದೇಶ ಕೇಳಿದವರು ಅದನ್ನು ಪದಪದವೂ ತಿರುಗಿ ಒಪ್ಪಿಸಬೇಕು. ಒಪ್ಪಿಸಿದರೆ ಮಾತ್ರ ತಲುಪಿದಂತೆ.

ಮಾತಾಡುವ ಕೆಲಸಕ್ಕೆ ನನ್ನನ್ನು ಆರಿಸಿದ್ದೇ ತಮಾಷೆ. ನನಗೆ ಉಗ್ಗು. ಶಾಲೆಯಲ್ಲಿ ನಾನು ‘ಪ್ರೆಸೆಂಟ್’ ಅನ್ನುವಷ್ಟರಲ್ಲಿ ಮೇಷ್ಟ್ರು ಮುಂದಿನ ಬೆಂಚಿನ ಹಾಜರಿ ಮುಗಿಸಿರುತ್ತಿದ್ದರು. ಅದೇ ಮೇಷ್ಟ್ರ ಧ್ವನಿಯಲ್ಲಿ ಮಾತಾಡಿದರೆ ಮಾತ್ರ ಒಂದಕ್ಷರವೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಹಾಗಾಗಿ ನನ್ನ ಧ್ವನಿಯನ್ನು ಮನೆಯಲ್ಲಿಟ್ಟು, ಊರವರದ್ದನ್ನೆಲ್ಲ ಎರವಲು ತಂದು ಬದುಕುತ್ತಿದ್ದೆ. ಸೆಟ್ಟಿನಲ್ಲಿ ಕೆಲಸದ ಮಾತಿಗೆ ರೇಡಿಯೋ ವಾರ್ತೆಯವರ ಧ್ವನಿ. ಬಿಡುವಾದಾಗ ನಮ್ಮ ಇಂಜಿನಿಯರ್ ಸಾಹೇಬರದ್ದು, ಮಾತಿಗೆ ಮುಂಚೆ ಅವರು ಗಂಟಲು ಸರಿಮಾಡಿಕೊಳ್ಳುವ ಸದ್ದಿನ ಸಮೇತ.

ಗುಬ್ಬಿಯ ಸೆಟ್ಟಿನ ಮುಂದೆ ಕೂರುತ್ತಿದ್ದವರು ಒಬ್ಬ ಟೈಪಿಸ್ಟ್. ಎಲ್ಲರಿಗೂ ಅಕ್ಕ. ಒಂದು ಬೆಳಿಗ್ಗೆ ಸಾಹೇಬರ ಧ್ವನಿಯಲ್ಲಿ ಅವರಿಗೆ, ಮಳೆಮಾಪಕಕ್ಕೆ ಎರಚಲು ಹೊಡೆದು ಲೆಕ್ಕ ತಪ್ಪುತ್ತಿದೆ, ಜವಾನನ ಕೈಲಿ ಕೊಡೆ ಹಿಡಿಸಿ ಎಂದೆ. ನಗುತ್ತಾರೆ ಅಂದುಕೊಂಡಿದ್ದೆ. ಸಾಹೇಬರು ಅದಕ್ಕಿಂತ ವಿಚಿತ್ರವಾದ ಆರ್ಡರುಗಳನ್ನೂ ಕೊಟ್ಟವರೇ. ಅಕ್ಕ ಪದಪದವೂ ಒಪ್ಪಿಸಿದರು. ಜವಾನ ತಾನು ನೆನೆಯುತ್ತ ಸಂಜೆಯವರೆಗೂ ಮಳೆಮಾಪಕವನ್ನು ಬೆಚ್ಚಗಿಟ್ಟ. ತಮ್ಮ ಸೆಟ್ಟಿನಲ್ಲಿ ಎಲ್ಲ ಕೇಳಿ ನನ್ನ ಅಣಕವೆಂದು ಗುರುತಿಸಿದ್ದ ಕುಣಿಗಲ್ಲಿನ ಆಪರೇಟರು ಮಾರನೆಯ ದಿನ ಅಕ್ಕನಿಗೆ ನಿಜ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದಾದ ಕೆಲವೇ ದಿನಕ್ಕೆ ಸಾಹೇಬರು ಗುಬ್ಬಿ ಕಡೆಯ ಒಂದು ಕೆರೆ ನೋಡಲು ಹೋದವರು ಮಧ್ಯಾಹ್ನ ಜೀಪಿನಲ್ಲಿ ಓಡಿಬಂದರು. ಏರಿಯಲ್ಲಿ ನೀರು ಜಿನುಗುತ್ತಿದೆ. ಏರಿಯ ಕೆಳಗೆ, ಹಳ್ಳದ ಆಚೆ, ಒಂದು ಸಾಲು ಮಣ್ಣಿನ ಮನೆಗಳು. ಮಳೆಗೆ ಹೆದರಿ ಜನರೆಲ್ಲ ಒಳಗೇ ಇದ್ದಾರೆ. ಹಳ್ಳ ತುಂಬಿ ಜೀಪು ದಾಟಲಿಲ್ಲ. ಆಚೆ ಬದಿಯ ಗುಬ್ಬಿಯಿಂದ ಮಾತ್ರ ಅಲ್ಲಿಗೆ ದಾರಿ. ಫೋನು ಸತ್ತಿತ್ತು. ಸಾಹೇಬರು ತಾವೇ ಮೈಕ್ ಹಿಡಿದು, ಗಂಟಲು ಸರಿಮಾಡಿಕೊಂಡು, ಆ ಜನರನ್ನು ಈಗಲೇ ಎತ್ತರದಲ್ಲಿರುವ ಶಾಲೆಗೆ ಸಾಗಿಸಲು ಹೇಳಿದರು.

“ಶಾಲೆಗೂ ಕೊಡೆ ಹಿಡಿಸ್ಬೇಕಾ ಸಾರ್? ಓವರ್” ಎಂದರು ಅಕ್ಕ.

ಕೊಡೆಯ ವಿಷಯ ಸಾಹೇಬರಿಗೆ ಗೊತ್ತಿರಲಿಲ್ಲ. ಮತ್ತೆ ಹೇಳಿದರು, ಕೂಗಿದರು. ಅವರು ಸಿಟ್ಟಾದಷ್ಟೂ ನನ್ನ ಅಣಕದ ಹಾಗೇ ಕೇಳಿಸುತ್ತಿದ್ದರು. ಆ ಕಡೆಯಿಂದ ಬರೀ ನಗು.

ನಾನು ಮೈಕ್ ಕಿತ್ತುಕೊಂಡೆ. ಯಾರ ಧ್ವನಿಯಲ್ಲಿ ಹೇಳಲಿ? ಸಾಹೇಬರದ್ದು ನಡೆಯದು, ವಾರ್ತೆಯವರದ್ದೂ ನಡೆಯದು. ಎರವಲು ತಂದದ್ದನ್ನೆಲ್ಲ ಕೆಡಿಸಿ ಕೂತಿದ್ದೆ. ಸೆಟ್ಟಿನಲ್ಲಿ ಯಾರೂ ಕೇಳದಿದ್ದ ಧ್ವನಿ ಒಂದೇ ಉಳಿದಿತ್ತು.

“ಅ... ಅಕ್ಕ, ನಾ... ನಾನು ಕ... ಕಣಕ್ಕ. ಏ... ಏರಿ...”

ನಾನು ಸಂದೇಶ ಮುಗಿಸುವಷ್ಟರಲ್ಲಿ ಸಾಹೇಬರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮೈಕಿನ ಬಟನ್ ಬಿಟ್ಟೆ. ಆಮೇಲೆ ಅಕ್ಕ ಪದಪದವೂ ಒಪ್ಪಿಸಿದರು, ಉಗ್ಗೊಂದನ್ನು ಬಿಟ್ಟು.

ಕತ್ತಲಾಗುವ ಮುಂಚೆ ಏರಿ ಒಡೆಯಿತು. ಮನೆಗಳ ಗೋಡೆಗಳು ಕರಗಿಹೋದವು. ಒಳಗೆ ಯಾರೂ ಇರಲಿಲ್ಲ.

ಈಗಲೂ ಯೋಚಿಸುತ್ತೇನೆ. ಸೆಟ್ಟು, ಬ್ಯಾಟರಿ, ಏರಿಯಲ್ ತಂತಿ ಯಾವುದೂ ಅವತ್ತು ಕೈಕೊಟ್ಟಿರಲಿಲ್ಲ. ಕೆಟ್ಟಿದ್ದದ್ದು ನಾನು ಕೂತಿದ್ದ ಕುರ್ಚಿಯ ಮೇಲಿನ ನಂಬಿಕೆ. ಸಾಹೇಬರ ಮಾತು ಗುಬ್ಬಿಯವರೆಗೆ ಚೆನ್ನಾಗಿಯೇ ಹೋಗಿ, ಅಲ್ಲಿ ನನ್ನ ಹಳೆಯ ತಮಾಷೆಯನ್ನು ಕಂಡು ಬಾಗಿಲಲ್ಲೇ ನಿಂತಿತ್ತು.

ಮುಂದೊಮ್ಮೆ ಅಕ್ಕ ತುಮಕೂರಿಗೆ ಬಂದರು. ಕ್ಷಮೆ ಕೇಳುವುದು ಬಿಟ್ಟು ನಾನು ವಾರ್ತೆಯವರ ಧ್ವನಿಯಲ್ಲಿ, ಉಗ್ಗುವವನನ್ನೂ ನಾನು ಅಣಕಿಸುತ್ತಿರಬಹುದಿತ್ತಲ್ಲ, ಹೇಗೆ ನಂಬಿದಿರಿ ಎಂದು ಜಂಬದಿಂದ ಕೇಳಿದೆ. ಅವರು ಚೀಲ ಹೆಗಲಿಗೇರಿಸಿಕೊಂಡು ಹೇಳಿದರು:

“ಅಣಕ ಆಗಿದ್ರೆ ನೀನು ಇನ್ನೂ ಚೆನ್ನಾಗ್ ಮಾಡ್ತಿದ್ದೆ ಕಣೋ.”