ಭಾವನ ರೈಲಿಗೆ ಅಕ್ಕನ ಎತ್ತರ

ನನ್ನ ಅಕ್ಕ ರೊಸ್ವಿತಾ ಯುರೋಪನ್ನೆಲ್ಲ ಸುತ್ತಿದ್ದಾಳೆ. ಹಾಗಂತ ಪ್ಯಾರಿಸ್ ಹೇಗಿದೆ ಎಂದು ಅವಳನ್ನು ಕೇಳಬೇಡಿ. ಅಲ್ಲಿ ಉಗಿಬಂಡಿಗೆ ನೀರು ತುಂಬಿಸುತ್ತಿದ್ದ ಹಳೆಯ ಕಂಬ ಹೇಗಿದೆ ಎಂದು ಕೇಳಿ, ಹೇಳುತ್ತಾಳೆ. ಅವರ ಮನೆಯ ಆಲ್ಬಂ ತೆರೆದರೆ, ಪೋರ್ಚುಗಲ್‌ನಲ್ಲಿ ಅವಳು ಸ್ಟೇಷನ್ನಿನ ಕಕ್ಕಸಿನ ಗೋಡೆಯ ಪಕ್ಕ ನಿಂತಿದ್ದಾಳೆ. ಹಂಗೆರಿಯಲ್ಲಿ ಗೂಡ್ಸ್ ಶೆಡ್ಡಿನ ಬಾಗಿಲ ಪಕ್ಕ. ನಾರ್ವೆಯಲ್ಲಿ ಸಿಗ್ನಲ್ ಕಂಬದ ಪಕ್ಕ, ಚಳಿಗೆ ಮೂಗು ಕೆಂಪಗಾಗಿದೆ. ವೆನಿಸ್‌ಗೂ ಹೋಗಿದ್ದಾಳೆ ಪುಣ್ಯಾತ್ಗಿತ್ತಿ. ನಿಲ್ದಾಣದ ಮೆಟ್ಟಿಲ ಮೇಲಿಂದ ನೀರು ನೋಡಿ, ಹಾಗೇ ತಿರುಗಿ ಬೇರೆ ರೈಲು ಹತ್ತಿದ್ದಾಳೆ. ಎಲ್ಲ ಚಿತ್ರಗಳಲ್ಲೂ ಕೈ ಪಕ್ಕಕ್ಕೆ, ಹಿಮ್ಮಡಿ ಜೋಡಿಸಿ, ಗದ್ದ ಮೇಲಕ್ಕೆ.

ಇದಕ್ಕೆಲ್ಲ ಕಾರಣ ನನ್ನ ಭಾವ ಹಾರ್ಟ್‌ಮುಟ್. ಅವನು ವಾಷಿಂಗ್ ಮೆಷಿನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಮನೆಯ ನೆಲಮಾಳಿಗೆಯ ತುಂಬ ಪುಟ್ಟ ರೈಲು, ಪುಟ್ಟ ಹಳಿ, ಪುಟ್ಟ ನಿಲ್ದಾಣಗಳನ್ನು ಕಟ್ಟಿಟ್ಟಿದ್ದಾನೆ. ಎಲ್ಲವೂ ಅಸಲಿನ ನೂರಿಪ್ಪತ್ತರಲ್ಲಿ ಒಂದು ಪಾಲು. ಆಟದ ರೈಲು ಎಂದು ಅವನೆದುರು ಬಾಯಿತಪ್ಪಿ ಅಂದಿರೋ, ಆ ದಿನ ನಿಮಗೆ ಕೇಕ್ ಸಿಗುವುದಿಲ್ಲ. ನಾನು ಅದೇ ಮನೆಯ ಮಹಡಿಯ ಮೇಲೆ ಒಬ್ಬಳೇ ಇರುವ ನಾದಿನಿ, ಸಿಗ್ರಿಡ್. ದಿನಕ್ಕೊಮ್ಮೆಯಾದರೂ ಆಟದ ರೈಲು ಅನ್ನುತ್ತೇನೆ, ಕೇಕ್ ಮಾಡುವವಳೂ ನಾನೇ ಆದ್ದರಿಂದ ಅವನ ಕೈಲಿ ಏನೂ ಆಗುವುದಿಲ್ಲ.

ಅಕ್ಕ ಕಂಬದ ಪಕ್ಕ ನಿಲ್ಲುವ ಪದ್ಧತಿ ಶುರುವಾದದ್ದು ಬರ್ಲಿನ್ ಗೋಡೆ ಇನ್ನೂ ನಿಂತಿದ್ದ ಕಾಲದಲ್ಲಿ. ಆಗ ನಮ್ಮ ಪೂರ್ವ ಜರ್ಮನಿಯಲ್ಲಿ ಸ್ಟೇಷನ್ನಿನಲ್ಲಿ ಟೇಪು ಹಿಡಿದು ಗೋಡೆ ಅಳೆದರೆ ಗೂಢಚಾರನೆಂದು ಹಿಡಿದುಕೊಂಡು ಹೋಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಮ್ಮೆ ಭಾವ ನೀರಿನ ತೊಟ್ಟಿಯ ಚಿತ್ರ ತೆಗೆಯುತ್ತಿದ್ದಾಗ ರೈಲ್ವೆ ಪೊಲೀಸನೊಬ್ಬ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟನಂತೆ.

"ಏನಯ್ಯಾ, ಏನದು ಫೋಟೋ?"

"ನನ್ನ ಹೆಂಡ್ತಿ ಸಾಹೇಬ್ರೇ. ಹೊಸಾ ಹೆಂಡ್ತಿ," ಎಂದು ಭಾವ ಅಕ್ಕನನ್ನು ಎಳೆದು ತೊಟ್ಟಿಯ ಪಕ್ಕ ನಿಲ್ಲಿಸಿಬಿಟ್ಟ. ಪೊಲೀಸ ಅವಳ ಕಡೆ ನೋಡಿ, "ಹಂಗಾದ್ರೆ ಸ್ವಲ್ಪ ನಗೋಕೆ ಹೇಳಯ್ಯ, ಹೆದ್ರಿಕೊಂಡವ್ಳೆ ಹುಡುಗಿ," ಎಂದು ಹೊರಟುಹೋದ.

ಮನೆಗೆ ಬಂದು ಚಿತ್ರದ ಮೇಲೆ ಅಡಿಪಟ್ಟಿ ಇಟ್ಟಾಗ ಭಾವನಿಗೆ ಹೊಳೆಯಿತು. ಹೆಂಡತಿಯ ಎತ್ತರ ಗೊತ್ತಿದ್ದರೆ ಸಾಕಲ್ಲ, ಪಕ್ಕದಲ್ಲಿರುವ ಯಾವುದರ ಎತ್ತರ ಬೇಕಾದರೂ ಲೆಕ್ಕ ಹಾಕಬಹುದು! ಅವಳನ್ನು ಒಮ್ಮೆ ಬಾಗಿಲಿಗೆ ನಿಲ್ಲಿಸಿ ಅಳೆದ. ನೂರ ಅರವತ್ತೈದು ಸೆಂಟಿಮೀಟರ್. ಅಂದಿನಿಂದ ಒಂದು ಬಾಗಿಲೆಂದರೆ ಒಂದೂಕಾಲು ರೊಸ್ವಿತಾ, ಒಂದು ಸಿಗ್ನಲ್ ಕಂಬವೆಂದರೆ ಐದು ರೊಸ್ವಿತಾ. ಬರ್ಲಿನ್ ಗೋಡೆ ಬಿದ್ದು, ಎಲ್ಲಿ ಬೇಕಾದರೂ ಟೇಪು ಹಿಡಿಯಬಹುದಾದ ಮೇಲೂ ಅವನು ಬದಲಾಗಲಿಲ್ಲ. ಕೇಳಿದರೆ, "ಟೇಪು ಗಾಳಿಗೆ ಅಲ್ಲಾಡುತ್ತೆ, ರೋಸಿ ಅಲ್ಲಾಡಲ್ಲ," ಅನ್ನುತ್ತಿದ್ದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಏನೇ ಅಕ್ಕ ಇದು, ನಿನ್ನನ್ನ ಮರದ ಕೋಲು ಮಾಡಿಟ್ಟಿದಾನಲ್ಲೇ!" ಎಂದು ಎಷ್ಟು ಸಲ ಜಗಳವಾಡಿದ್ದೇನೋ. ಅವಳು ನಗುತ್ತಿದ್ದಳು. "ನೀನೊಬ್ಳು ಸುಮ್ನಿರೆ. ಕೋಲಿಗೆ ಯಾರಾದ್ರೂ ರೈಲಲ್ಲಿ ಕಿಟಕಿ ಪಕ್ಕದ ಸೀಟು ಕೊಡ್ತಾರಾ?"

ನಿಜ ಹೇಳಬೇಕೆಂದರೆ ಆ ಪ್ರವಾಸಗಳಲ್ಲಿ ಅವಳಿಗೆ ಅವಳದೇ ಕೆಲಸವಿತ್ತು. ಭಾವ ಇಟ್ಟಿಗೆ ಎಣಿಸುತ್ತಿದ್ದರೆ ಅವಳು ಬೆಂಚಿನ ಮೇಲೆ ಕೂತು, ಬೇಯಿಸಿದ ಮೊಟ್ಟೆ ಸುಲಿಯುತ್ತ ಜನರನ್ನು ನೋಡುತ್ತಿದ್ದಳು. ಚಹಾದ ಕೆಟಲಿನಿಂದ ಹೂವಿನ ಕುಂಡಕ್ಕೆ ನೀರು ಹಾಕುವ ಸ್ಟೇಷನ್ ಮಾಸ್ಟರು. ಒಂದು ಬೂಟು ಕಳಚಿ ನಿದ್ದೆಹೋದ ಮುದುಕ. ಜಗಳವಾಡುತ್ತಲೇ ರೈಲು ಬಂತೆಂದು ಒಬ್ಬರ ಚೀಲ ಒಬ್ಬರು ಎತ್ತಿಕೊಟ್ಟ ಇಬ್ಬರು ಹೆಂಗಸರು. ಊರಿಗೆ ಬಂದ ಮೇಲೆ ಭೂತಗನ್ನಡಿ ಹಿಡಿದು, ಎಳೆಯಂಥ ಕುಂಚದಲ್ಲಿ, ಉಗುರಿಗಿಂತ ಚಿಕ್ಕ ಗೊಂಬೆಗಳಿಗೆ ಆ ಜನರ ಹಾಗೇ ಬಣ್ಣ ಹಾಕಿ ಭಾವನ ಪ್ಲಾಟ್‌ಫಾರಂ ಮೇಲೆ ನಿಲ್ಲಿಸುತ್ತಿದ್ದಳು. ಪುಟ್ಟ ರೈಲು ಕಟ್ಟುವವರದೇ ಒಂದು ಕ್ಲಬ್ಬಿತ್ತು; ಅದರ ವರ್ಷಕ್ಕೊಮ್ಮೆಯ ಪ್ರದರ್ಶನಕ್ಕೆ ಬಂದವರು ಭಾವನ ಗೋಡೆ ನೋಡಿ ತಲೆದೂಗಿ, ಅಕ್ಕನ ಜನರನ್ನು ನೋಡಿ ನಗುತ್ತಿದ್ದರು.

ಬರ್ಲಿನ್ ಗೋಡೆ ಬಿದ್ದ ಮರುವರ್ಷವೇ ಅವಳ ಕಾಲುಚೀಲದ ಗಿರಣಿ ಮುಚ್ಚಿತು. ಮಕ್ಕಳಿರಲಿಲ್ಲ. ಅವಳ ಪಾಲಿಗೆ ವರ್ಷವೆಂದರೆ ವಸಂತದ ಒಂದು ಪ್ರವಾಸ, ಉಳಿದದ್ದು ಅದರ ತಯಾರಿ. ಹಾಗಾಗಿ ಎರಡು ಚಳಿಗಾಲದ ಹಿಂದೆ, ಅವಳು ಅಡುಗೆಮನೆಯ ಸಿಂಕು ಹಿಡಿದುಕೊಂಡು ಹಲ್ಲುಕಚ್ಚಿ ನಿಂತಿದ್ದನ್ನು ನಾನು ಕಂಡಾಗ, ಅವಳು ಮೊದಲು ಮಾಡಿದ ಕೆಲಸ ಬಾಗಿಲು ಮುಚ್ಚಿದ್ದು.

"ಬೆನ್ನು. ಸ್ವಲ್ಪ ಹಿಡ್ಕೊಂಡಿದೆ, ಅಷ್ಟೇ."

"ಡಾಕ್ಟ್ರಿಗೆ ತೋರಿಸು. ತಡಿ, ಭಾವಂಗೆ ಹೇಳ್ತೀನಿ."

"ಹೇಳಿದ್ರೆ ನನ್ನಾಣೆ ಸಿಗ್ಗಿ. ಡಾಕ್ಟ್ರು ಪ್ರಯಾಣ ಬೇಡ ಅಂತಾರೆ. ಇವನು ಒಬ್ಬನೇ ಹೋಗ್ತಾನೆ. ಒಂದು ವರ್ಷ ಒಬ್ಬನೇ ಹೋದ ಅಂದ್ರೆ ಅದೇ ಅಭ್ಯಾಸ ಆಗೋಗುತ್ತೆ. ನಾನಿಲ್ಲಿ ಕಿಟಕಿ ಗಾಜು ಒರೆಸ್ಕೊಂಡು ಕೂತಿರ್ಬೇಕು."

ಅವಳ ಭಯ ಅದೊಂದೇ. ಸಾವಲ್ಲ, ನೋವಲ್ಲ, ಹಿಂದೆ ಉಳಿಯುವುದು. ಆಮೇಲೆ ದಿನಾ ಬೆಳಿಗ್ಗೆ, ಭಾವ ಕೆಳಗೆ ರೈಲು ಓಡಿಸುತ್ತಿದ್ದಾಗ, ನಾನು ಇಳಿದುಬಂದು ಅವಳ ಕಾಲಿಗೆ ಕಾಲುಚೀಲ ಹಾಕಿ ಹೋಗುತ್ತಿದ್ದೆ. ಇಪ್ಪತ್ತು ವರ್ಷ ಕಾಲುಚೀಲ ನೇಯ್ದವಳಿಗೆ ತನ್ನ ಕಾಲಿನತನಕ ಬಗ್ಗಲು ಆಗುತ್ತಿರಲಿಲ್ಲ. ಒಂದೇ ಮಂಚದಲ್ಲಿ ಮಲಗುವ ಗಂಡನಿಗೆ ಇದು ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಅಯ್ಯೋ, ಅವನಿಗೆ ಹಂಚಿನ ಬಿರುಕು ಕಾಣುತ್ತದೆ, ಅದು ಕಾಣುವುದಿಲ್ಲ.

ಅಷ್ಟರಲ್ಲಿ ಭಾವನಿಗೆ ಸ್ಲೊವೇನಿಯದ ನಿಲ್ದಾಣದ ಹುಚ್ಚು ಹತ್ತಿತ್ತು. ಬೆಟ್ಟಗಳ ನಡುವಿನ ಎರಡಂತಸ್ತಿನ ಉದ್ದನೆಯ ಕಟ್ಟಡ. ಹನ್ನೆರಡು ವರ್ಷದ ಹಿಂದೆ ಹೋದಾಗ ಬಲಗಡೆಯ ಅರ್ಧಕ್ಕೆ ಬಣ್ಣ ಬಳಿಯಲು ಸಾರುವೆ ಕಟ್ಟಿದ್ದರು. ಎಡಗಡೆಯ ಅರ್ಧದ ಚಿತ್ರವನ್ನಷ್ಟೇ ಅಕ್ಕನನ್ನು ನಿಲ್ಲಿಸಿ ತೆಗೆದುಕೊಂಡು ಬಂದು, ಅಷ್ಟನ್ನೇ ಕಟ್ಟಿ ಕಪಾಟಿನಲ್ಲಿಟ್ಟಿದ್ದ. ಕಳೆದ ವಸಂತದಲ್ಲಿ ಇಬ್ಬರೂ ಮತ್ತೆ ಹೋಗಿ ಉಳಿದರ್ಧದ ಚಿತ್ರ ತಂದರು. ಇದೇ ತನ್ನ ಜೀವಮಾನದ ಕೆಲಸ ಎಂದು ಅವನು ಹಗಲೆಲ್ಲ ಕೂತು ಬಲಗಡೆಯ ಅರ್ಧ ಕಟ್ಟಿದ. ಎರಡನ್ನೂ ಜೋಡಿಸುವುದು ಕ್ರಿಸ್‌ಮಸ್‌ಗೆ ಮುಂಚಿನ ಕ್ಲಬ್ಬಿನ ಪ್ರದರ್ಶನದಲ್ಲೇ, ಎಲ್ಲರ ಎದುರಿಗೇ ಎಂದು ಹಟ ಹಿಡಿದ. ಮೊದಲೇ ಜೋಡಿಸಿ ನೋಡು ಎಂದು ನಾನು ಹೇಳಿದ್ದಕ್ಕೆ, "ಲೆಕ್ಕ ಸರಿಯಾಗಿದ್ರೆ ಜೋಡಿಸಿ ಏನು ನೋಡೋದು?" ಅಂದಿದ್ದ.

ಪ್ರದರ್ಶನ ಯಾವಾಗಲೂ ಶಾಲೆಯ ಜಿಮ್ ಹಾಲಿನಲ್ಲಿ. ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಹಳಿ ಹಾಸಿದ ತಮ್ಮ ತಮ್ಮ ಹಲಗೆಗಳನ್ನು ತಂದು ಒಂದಕ್ಕೊಂದು ಕೂಡಿಸುತ್ತಿದ್ದರು. ನಾನೂ ಅಕ್ಕನೂ ಕಾಫಿ ಮೇಜಿನ ಹತ್ತಿರ ಇದ್ದೆವು. ಭಾವ ಬಟ್ಟೆ ಸರಿಸಿ ಎರಡು ಅರ್ಧಗಳನ್ನು ಒಂದಕ್ಕೊಂದು ತಾಗಿಸಿದ.

ಕೂಡಲಿಲ್ಲ. ಬಲಗಡೆಯ ಸೂರು ಎಡಗಡೆಗಿಂತ ಅಕ್ಕಿಕಾಳಿನಷ್ಟು ಮೇಲಿತ್ತು. ಕಿಟಕಿಗಳ ಸಾಲೂ ಅಷ್ಟೇ, ನಡುವೆ ಮೆಟ್ಟಿಲಿನ ಹಾಗೆ ಏರುಪೇರಾಗಿತ್ತು.

ಕ್ಲಬ್ಬಿನ ಅಧ್ಯಕ್ಷ ಲೋಟಾರ್ ಆಯುಸ್ಸೆಲ್ಲ ಮನೆಗಳಿಗೆ ಹಂಚು ಹೊದಿಸಿದವನು. ಮೊದಲು ಅವನ ಕಣ್ಣಿಗೇ ಬಿತ್ತು. "ಏನಪ್ಪಾ ಹಾರ್ಟ್‌ಮುಟ್, ಬಲಗಡೆಗೆ ಗೊಬ್ಬರ ಜಾಸ್ತಿ ಹಾಕಿದ್ಯಾ? ಚೆನ್ನಾಗಿ ಬೆಳ್ದಿದೆ!" ಹಾಲೆಲ್ಲ ಗೊಳ್ಳೆಂದಿತು.

ಭಾವನ ಕಿವಿ ಕೆಂಪಾದವು. ರಟ್ಟು ತೇವಕ್ಕೆ ಉಬ್ಬಿರಬೇಕು ಅಂದ. ಕ್ಯಾಮೆರಾದ ಗಾಜು ಸರಿಯಿಲ್ಲ ಅಂದ. ಅಲ್ಲೇ ಮೊಣಕಾಲೂರಿ ಲೆಕ್ಕವನ್ನೆಲ್ಲ ಮತ್ತೆ ಹಾಕಿದ, ಅದರಲ್ಲಿ ತಪ್ಪಿರಲಿಲ್ಲ. ಕೊನೆಗೆ ಎದ್ದು ನಿಂತು ಕೂಗಿದ.

"ರೋಸಿ! ನೀನು ನೆಟ್ಟಗೆ ನಿಂತಿಲ್ಲ ಕಣೇ. ಇಷ್ಟು ವರ್ಷದಿಂದ ಮಾಡ್ತಿದೀಯ, ಒಂದು ನಿಮಿಷ ನೆಟ್ಟಗೆ ನಿಲ್ಲೋಕೆ ಆಗಲ್ವಾ ನಿಂಗೆ?"

ಅಕ್ಕ ಕಾಫಿ ಜಗ್ಗು ಹಿಡಿದು ಎಲ್ಲರ ಎದುರು ನಿಂತಿದ್ದಳು. "ಹೌದು," ಅಂದಳು ಮೆತ್ತಗೆ. "ನಂದೇ ತಪ್ಪು. ಇರುವೆ ಕಚ್ಚಿತ್ತು, ಸ್ವಲ್ಪ ಬಗ್ಗಿದ್ದೆ."

ನನ್ನ ಪಿತ್ತ ನೆತ್ತಿಗೇರಿತು. "ಭಾವ, ಬಾಯಿ ಮುಚ್ಚು. ಫೋಟೋ ಇದೆಯಲ್ಲ ನಿನ್ನ ಹತ್ರ, ಕಣ್ಣುಬಿಟ್ಟು ನೋಡು. ಎಲ್ಲಿ ಬಗ್ಗಿದಾಳೆ ತೋರಿಸು."

ಅವನು ಚೀಲದಿಂದ ಎರಡೂ ಚಿತ್ರಗಳನ್ನು ತೆಗೆದು ಅಕ್ಕಪಕ್ಕ ಇಟ್ಟ. ಕಟ್ಟಡದ ನಡುವೆ ಮಳೆನೀರಿನ ಕೊಳವೆಯೊಂದು ಇಳಿದಿದೆ, ಅದನ್ನು ಗೋಡೆಗೆ ಬಿಗಿದ ಒಂದು ಕಬ್ಬಿಣದ ಪಟ್ಟಿಯಿದೆ. ಎರಡು ಚಿತ್ರದಲ್ಲೂ ಅದೇ ಕೊಳವೆ, ಅದೇ ಪಟ್ಟಿ. ಹಳೆಯದರಲ್ಲಿ ಅಕ್ಕ ಕೊಳವೆಯ ಎಡಕ್ಕೆ ನಿಂತಿದ್ದಾಳೆ, ತಲೆ ಪಟ್ಟಿಗಿಂತ ಮೇಲಿದೆ. ಹೊಸದರಲ್ಲಿ ಬಲಕ್ಕೆ. ಹಿಮ್ಮಡಿ ಜೋಡಿಸಿದ್ದಾಳೆ, ಗದ್ದ ಎತ್ತಿದ್ದಾಳೆ, ಪಾಪ, ಕತ್ತಿನ ನರ ಕಾಣುವಷ್ಟು ನೆಟ್ಟಗೆ ನಿಂತಿದ್ದಾಳೆ. ತಲೆ ಮಾತ್ರ ಪಟ್ಟಿಗಿಂತ ಕೆಳಗಿದೆ.

"ಅವತ್ತೂ ಇದೇ ಬೂಟಾ ಹಾಕಿದ್ದೆ?" ಎಂದು ಭಾವ ಕೇಳಿದ. ಅವನ ದನಿ ಇಳಿದಿತ್ತು.

"ಅದೇ ಕಂಪನಿದು. ಅದೇ ಹಿಮ್ಮಡಿ."

ಲೋಟಾರ್ ಬಗ್ಗಿ ನೋಡಿದ. ಅವನು ಈಗ ನಗುತ್ತಿರಲಿಲ್ಲ. "ಹಾರ್ಟ್‌ಮುಟ್," ಅಂದ, "ಕಟ್ಟಡ ಬೆಳೆಯಲ್ಲ ಮಾರಾಯ."

ಭಾವ ಚಿತ್ರ ಬಿಟ್ಟು ಹೆಂಡತಿಯ ಕಡೆ ತಿರುಗಿದ. ತುಂಬ ಹೊತ್ತು ನೋಡಿದ. ಅವಳ ಕೋಟಿನ ತೋಳು ಬೆರಳಿನತನಕ ಇಳಿದಿರುವುದನ್ನು, ಭುಜ ಮುಂದಕ್ಕೆ ಬಾಗಿರುವುದನ್ನು ಅವನು ಆಗ ನೋಡಿದ.

"ರೋಸಿ, ಎಲ್ಲಿ ನೋವು?"

"ಎಲ್ಲೂ ಇಲ್ಲ."

ನಾನಿನ್ನು ಆಣೆ ಗೀಣೆ ನೋಡಲಿಲ್ಲ. "ಎರಡು ವರ್ಷದಿಂದ ಬೆನ್ನು ಬಗ್ಗಿಸೋಕಾಗ್ತಿಲ್ಲ ಭಾವ ಅವಳಿಗೆ. ಕಾಲುಚೀಲ ನಾನು ಹಾಕ್ತಿದೀನಿ. ನಿಂಗೆ ಗೊತ್ತಾದ್ರೆ ಬಿಟ್ಟು ಹೋಗ್ತೀಯ ಅಂತ ನುಂಗ್ಕೊಂಡಿದಾಳೆ."

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಭಾವ ಅವಳ ಕೈಯಿಂದ ಜಗ್ಗು ತೆಗೆದು ಮೇಜಿನ ಮೇಲಿಟ್ಟು, ತನ್ನ ಟೋಪಿ ಹುಡುಕತೊಡಗಿದ. ಲೋಟಾರ್ ಹಿಂದಿನಿಂದ, "ನಾಳೆ ಜನ ಬರ್ತಾರಲ್ಲೋ, ಈ ಸ್ಟೇಷನ್ ಏನ್ ಮಾಡ್ಲಿ?" ಎಂದ.

"ಹೆಂಗಿದೆಯೋ ಹಂಗೇ ಇರ್ಲಿ," ಎಂದು ಭಾವ ಅಕ್ಕನ ತೋಳು ಹಿಡಿದು ಹೊರಟ. ಆ ಪ್ರದರ್ಶನದ ಎರಡೂ ದಿನ ಅವನು ಹಾಲಿನ ಕಡೆ ತಲೆಹಾಕಲಿಲ್ಲ.

ಮೂಳೆ ಒಳಗೇ ಸವೆದಿದೆ, ಬೆನ್ನುಮೂಳೆಯ ಮೂರು ಮಣಿಗಳು ಕುಸಿದು ಕೂತಿವೆ, ಅದಕ್ಕೇ ಎತ್ತರ ಇಳಿದಿದೆ ಎಂದರು ಡಾಕ್ಟರು. ಚುಚ್ಚುಮದ್ದು, ಸೊಂಟಕ್ಕೆ ಬಿಗಿಪಟ್ಟಿ, ಭಾರ ಎತ್ತುವ ಹಾಗಿಲ್ಲ. ಮಧ್ಯೆ ಮಧ್ಯೆ ಕೂತು ಸುಧಾರಿಸಿಕೊಂಡರೆ ರೈಲಿನಲ್ಲಿ ಹೋಗಬಹುದು ಎಂದೂ ಅಂದರು. ಇನ್ನು ತನ್ನಿಂದ ಅಳತೆಗೆ ಉಪಯೋಗವಿಲ್ಲ ಅಂದುಕೊಂಡಳೋ ಏನೋ, ಅಕ್ಕ ಆ ಕೊನೆಯ ಮಾತನ್ನು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದವನು ಭಾವ.

ಹೊಸವರ್ಷ ಕಳೆದು ಒಂದು ಭಾನುವಾರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಭಾವ ಬರುವ ವಸಂತದ ಪ್ರವಾಸಕ್ಕೆಂದು ಮೇಜಿನ ಮೇಲೆ ಸ್ಕಾಟ್‌ಲೆಂಡಿನ ನಕ್ಷೆ ಹರಡಿದ್ದ. ಅಕ್ಕ ಅದರ ಅಂಚಿನ ಸುಕ್ಕು ಒತ್ತುತ್ತ, ಅವನ ಮುಖ ನೋಡದೆ ಹೇಳಿದಳು:

"ನೀನೇ ಹೋಗಿ ಬಾ ಹಾರ್ಟ್‌ಮುಟ್. ನನ್ನ ಎತ್ತರ ಇನ್ನು ಲೆಕ್ಕಕ್ಕೆ ಬರಲ್ಲ. ಇವತ್ತು ಇಷ್ಟಿದೀನಿ, ಮುಂದಿನ ವರ್ಷ ಎಷ್ಟಿರ್ತೀನೋ ಏನೋ."

ಭಾವ ಬಾಯಲ್ಲಿದ್ದ ಕೇಕನ್ನು ಬಹಳ ಹೊತ್ತು ಅಗಿದ.

"ನಾನು ನಿಲ್ತೀನಿ," ಅಂದ. "ನೀನು ಬೆಂಚಿನ ಮೇಲೆ ಕೂತ್ಕೊಂಡು ಫೋಟೋ ತೆಗಿ."

"ನಿನ್ನ ಎತ್ತರ ಎಷ್ಟು?"

"ನೂರ ಎಂಬತ್ತು. ಗುರುತಿನ ಚೀಟಿಯಲ್ಲೇ ಇದೆ."

"ಚೀಟಿ ಗೀಟಿ ಬೇಡ. ಅಳೀಬೇಕು."

ಭಾವ ಬೂಟು ಕಳಚಿ ಗೋಡೆಗೆ ಬೆನ್ನು ಕೊಟ್ಟು ನಿಂತ. ನಾನು ಕುರ್ಚಿ ಹತ್ತಿ ಅವನ ಬೋಳುತಲೆಯ ಮೇಲೆ ರೊಟ್ಟಿ ಕುಯ್ಯುವ ಹಲಗೆ ಇಟ್ಟು ಹಿಡಿದೆ. ಅಕ್ಕ ಕನ್ನಡಕ ಹಾಕಿಕೊಂಡು ಟೇಪು ಓದಿದಳು. ಮತ್ತೊಮ್ಮೆ ಓದಿದಳು.

"ನೂರ ಎಪ್ಪತ್ತಾರು."

"ಸಾಧ್ಯಾನೇ ಇಲ್ಲ! ಸರಿಯಾಗಿ ಹಿಡಿ."

"ಸರಿಯಾಗೇ ಹಿಡ್ದಿದೀನಿ."

"ಕೂದಲು ಉದುರಿದ್ದಕ್ಕೆ ಇರ್ಬೇಕು ಬಿಡು ಭಾವ," ಅಂದೆ ನಾನು. ಅಕ್ಕನಿಗೆ ನಗು ಬಂತು, ನಗುವಾಗ ಬೆನ್ನು ಹಿಡಿದುಕೊಂಡಿತು, ಅಯ್ಯಯ್ಯೋ ಅನ್ನುತ್ತಲೇ ನಕ್ಕಳು. "ನಿನ್ನನ್ನೂ ನಂಬೋ ಹಾಗಿಲ್ಲ ಕಣೋ. ಹಿಂಗೆ ಕುಗ್ತಾ ಹೋಗೋ ಅಳತೆ ಇಟ್ಕೊಂಡು ಕಟ್ಟಿದ್ರೆ ಮುಂದಿನ ಸ್ಟೇಷನ್ನೂ ಸೊಟ್ಟಗೇ ಬರುತ್ತೆ."

ಅಳತೆ ಕೂದಲೆಳೆಯಷ್ಟು ತಪ್ಪಿದ್ದಕ್ಕೆ ಇಡೀ ಪ್ಲಾಟ್‌ಫಾರಂ ಕಿತ್ತು ಒಲೆಗೆ ಹಾಕಿದ್ದ ಮನುಷ್ಯ ಅವನು. ನಾನು ಕಣ್ಣಾರೆ ಕಂಡಿದ್ದೇನೆ.

"ಸೊಟ್ಟಗೇ ಬರ್ಲಿ ಬಿಡು," ಅಂದ. "ನೀನು ಜೊತೆಗೆ ಬಾ."

ನಾನು ಹಲಗೆ ಹಿಡಿದುಕೊಂಡು ಕುರ್ಚಿಯ ಮೇಲೆ ನಿಂತಲ್ಲೇ ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ. ಟೇಪನ್ನು ಸುತ್ತಿ ಡ್ರಾಯರಿನಲ್ಲಿಟ್ಟು ಬಂದು, ಅಲ್ಲಿ ಏಪ್ರಿಲ್‌ನಲ್ಲೂ ಚಳಿ ಇರುತ್ತಾ, ದಪ್ಪ ಸ್ವೆಟರ್ ಬೇಕಾಗುತ್ತಾ ಎಂದು ಕೇಳಿದಳು.