ಹುಕ್ಕೇರಿಯವರೆಗೆ ಒಂದು ಕಂಪನಿಯ ಜೊತೆ

ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಮುಂಬಯಿ ಬಂದರಿನಿಂದ ಪುಣೆ, ಅಲ್ಲಿ ಗಾಡಿ ಬದಲಿಸಿ ಇಲ್ಲಿಯವರೆಗೆ ಕೂತೇ ಬಂದಿದ್ದೆ. ನಮ್ಮೂರು ಹುಕ್ಕೇರಿ ಅಲ್ಲಿಂದ ಹನ್ನೆರಡು ಹದಿಮೂರು ಮೈಲಿ. ಮೂರು ವರ್ಷದ ಮೇಲೆ ವಿಲಾಯತಿಯಿಂದ ಬಂದ ಮಗ ನೆಟ್ಟಗೆ ಮನೆಗೆ ಹೋಗಬೇಕಿತ್ತು. ನಾನು ಪರಿಚಯದವರು ಯಾರಾದರೂ ಕಂಡಾರೆಂದು ಮುಖಕ್ಕೆ ವಸ್ತ್ರ ಸುತ್ತಿಕೊಂಡು ಎದುರು ದಿಕ್ಕಿನ ಗೋಕಾಕದ ಬಸ್ಸು ಹತ್ತಿದೆ.

ಕಾರಣ ಹೇಳಿಬಿಡುತ್ತೇನೆ. ಅಪ್ಪ ನನ್ನನ್ನು ಲಂಡನ್ನಿಗೆ ಕಳಿಸಿದ್ದು ಬ್ಯಾರಿಸ್ಟರನಾಗಲೆಂದು. ನಾನು ಎರಡನೆಯ ವರ್ಷಕ್ಕೇ ಕಾಯಿದೆ ಬಿಟ್ಟು ಅಲ್ಲಿಯ ನಾಟಕದ ಶಾಲೆ ಸೇರಿದ್ದೆ. ಅಪ್ಪನಿಗೆ ಬರೆಯುವ ಧೈರ್ಯ ಆಗಿರಲಿಲ್ಲ. ಈಗ ಕೊನೆಯ ವರ್ಷ. ನಡೆಯುತ್ತಿರುವ ಒಂದು ನಾಟಕ ಕಂಪನಿಯಲ್ಲಿ ಎಂಟು ವಾರ ದುಡಿದು ಮಾಲೀಕನ ಕಾಗದ ತರಬೇಕು, ಇಲ್ಲದಿದ್ದರೆ ಶಾಲೆಯಿಂದ ಹೆಸರು ತೆಗೆಯುತ್ತಾರೆ. ಲಂಡನ್ನಿನ ಒಂದು ಥಿಯೇಟರಿನವರೂ ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಒಬ್ಬ ಮ್ಯಾನೇಜರ್ ಮಾತ್ರ, ಆನೆ ಬರುವ ನಾಟಕ ಆಡಿದಾಗ ಹೇಳಿ ಕಳಿಸುತ್ತೇನೆ ಎಂದ. ಕಡೆಗೆ ಶಾಲೆಯ ಮುಖ್ಯಸ್ಥರೇ ನಿಮ್ಮ ದೇಶದ ಕಂಪನಿಯಾದರೂ ಆದೀತು ಎಂದು ಮೊಹರು ಹಾಕಿದ ಪತ್ರ ಕೊಟ್ಟರು. ಹಡಗಿಳಿದು ಇಲ್ಲಿಗೆ ಬರುವಾಗ ನನ್ನ ಕೈಯಲ್ಲಿ ಉಳಿದದ್ದು ಹತ್ತು ವಾರ.

ಗೋಕಾಕದಲ್ಲಿ ಹೊಳೆಯ ದಂಡೆಗೆ, ಆಗ ಅಲ್ಲಿ ಮುಕ್ಕಾಮು ಹೂಡಿದ್ದ ಒಂದು ನಾಟಕ ಕಂಪನಿಯ ತಗಡಿನ ಥೇಟರು ಇತ್ತು. ಫಾಲ್ಗುಣದ ಬಿಸಿಲಿಗೆ ತಗಡು ಆಗಲೇ ಕಾದಿತ್ತು. ಒಳಗೆ ಬೆಳಗಿನ ತಾಲೀಮು ನಡೆದಿತ್ತು. ಮಾಲೀಕರು ಅರವತ್ತರ ಮನುಷ್ಯ, ಹಾರ್ಮೋನಿಯಂ ಮುಂದೆ ಕುಳಿತಿದ್ದರು. ನನ್ನ ಪತ್ರ ಓದಿಸಿಕೊಂಡು ಕೇಳಿ ತಲೆದೂಗಿದರು.

"ಭಾಳ ಛಲೋ ಕಾಗದ ಐತ್ರಿ. ಆದ್ರ ಮನಿಯಿಂದ ಯಾರು ಬಂದಾರ?"

ನಾನು ಒಬ್ಬನೇ ಬಂದೆ ಎಂದೆ. ಅವರು ಪತ್ರ ಮಡಚಿ ತಿರುಗಿ ಕೊಟ್ಟರು. ಮನೆ ಬಿಟ್ಟು ಓಡಿಬಂದವರನ್ನು ಇಟ್ಟುಕೊಂಡು, ಆಮೇಲೆ ಅವರ ತಂದೆಗಳಿಂದ ಬೈಗಳು ತಿಂದು ಸಾಕಾಗಿತ್ತಂತೆ. ಮನೆಯ ಹಿರಿಯರು ಬಂದು ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು ಒಪ್ಪಿಸಿದರೆ ಮಾತ್ರ ಯಾರನ್ನಾದರೂ ಸೇರಿಸಿಕೊಳ್ಳುವುದು ಆ ಕಂಪನಿಯ ಪದ್ಧತಿ.

"ಇದು ಲಂಡನ್ನಿನ ಮೊಹರು, ನೋಡ್ರಿ" ಎಂದೆ.

"ಮೊಹರಿಗೆ ಕೈ ಅದಾವೇನ್ರಿ, ಎಲಿ ಅಡಿಕಿ ಕೊಡಾಕ? ನಾಕ ದಿನಕ್ಕ ನಾವು ಮೂಡಲಗಿಗೆ ಹೊಂಟೇವಿ. ಹಿರಿಯರನ್ನ ಕರಕೊಂಡು ಅಲ್ಲೇ ಬರ್ರಿ."

ಪೇಟೆಯಲ್ಲಿ ಕರದಂಟು ಕೊಂಡೆ. ಲಂಡನ್ನಿನಲ್ಲಿ ಅದಕ್ಕಾಗಿ ಹಂಬಲಿಸಿದವನು ಅಂದು ಪೊಟ್ಟಣವನ್ನೂ ಬಿಚ್ಚದೆ ಚೀಲಕ್ಕೆ ಹಾಕಿಕೊಂಡೆ.

ಮೂಡಲಗಿಯಲ್ಲಿ ನನ್ನ ಸೋದರಮಾವನ ಅರಿವೆ ಅಂಗಡಿ ಇತ್ತು. ತೀರಿಹೋದ ನಮ್ಮವ್ವನ ತಮ್ಮ, ಬಲು ಮೆತ್ತಗಿನ ಮನುಷ್ಯ, ನಮ್ಮಪ್ಪನೆಂದರೆ ಅವನಿಗೆ ಜ್ವರ ಬರುತ್ತಿತ್ತು. ನಾನು ಅತ್ತದ್ದು ನೋಡಲಾರದೆ ಹಿರಿಯನಾಗಿ ಬರಲು ಒಪ್ಪಿಕೊಂಡ. ಕಂಪನಿ ಬಂದಿಳಿದ ದಿನ ತೆಂಗಿನಕಾಯಿ ಹಿಡಿದು ಮಾಲೀಕರ ಮುಂದೆ ನಿಂತೆವು.

"ತಂದಿಯವರು ಯಾಕ ಬರಲಿಲ್ರಿ?" ಮಾಲೀಕರು ಕೇಳಿದರು.

ಮಾವ ನನ್ನ ಮುಖ ನೋಡಿದ, ನೆಲ ನೋಡಿದ. "ತಂದಿ ತೀರಿಕೊಂಡಾರ್ರಿ. ಈಗ ಇವಗ ನಾನ ಹಿರ್ಯಾ."

ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಮಾಲೀಕರ ಕಣ್ಣು ತೇವವಾಯಿತು. ಎಲೆ ಅಡಿಕೆ ತೆಗೆದುಕೊಂಡು, "ತಮ್ಮಾ, ಇವತ್ತಿನಿಂದ ನನ್ನನ್ನ ತಂದಿ ಅಂತ ತಿಳ್ಕೋ" ಎಂದರು. ಆ ಗಳಿಗೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಅಲ್ಲಿ ಹನ್ನೆರಡು ದಿನ ಪರದೆ ಎಳೆದೆ, ಕಿರೀಟಗಳಿಗೆ ಕಾಗದ ಅಂಟಿಸಿದೆ, ಎರಡು ಮಾತಿನ ದ್ವಾರಪಾಲಕನಾದೆ. ಲಂಡನ್ನಿನಲ್ಲಿ ಎರಡು ವರ್ಷ ಕಲಿಯದ್ದನ್ನು ಕಲಿತೆ. ಹದಿಮೂರನೆಯ ದಿನ ಮಾಲೀಕರು ಮುಂದಿನ ಮುಕ್ಕಾಮು ಹುಕ್ಕೇರಿ ಎಂದರು. ಬಿಟ್ಟು ಹೋದರೆ ಕಾಗದವಿಲ್ಲ, ಜೊತೆಗೆ ಹೋದರೆ ಅಪ್ಪನಿದ್ದಾನೆ. ಹಗಲೂ ಗಡ್ಡ ಅಂಟಿಸಿಕೊಂಡು ಕಾಲ ಕಳೆದರಾಯಿತು ಎಂದುಕೊಂಡೆ. ಇಷ್ಟು ದಡ್ಡ ಉಪಾಯ ಹೊಳೆದದ್ದು ಬ್ಯಾರಿಸ್ಟರನಾಗಬೇಕಿದ್ದ ತಲೆಗೆ.

ಚಕ್ಕಡಿಗಳಲ್ಲಿ ಎರಡು ದಿನದ ದಾರಿ. ಹಾದಿಯ ಬೇವಿನ ಮರದ ಕೆಳಗೆ ಎಲ್ಲರೂ ರೊಟ್ಟಿ, ಕಡಲೆಹಿಟ್ಟಿನ ಜುಣಕ ತಿಂದು ನಗುತ್ತಿದ್ದರು. ಹುಕ್ಕೇರಿಯ ಗುಮ್ಮಟಗಳು ಕಂಡಾಗ ನಾನು ಗಡ್ಡ ತೆಗೆದು ಅಂಟಿಸಿಕೊಂಡೆ.

ಮೊದಲ ನಾಟಕಕ್ಕೆ ಮುಂಚೆ, ಮಧ್ಯಾಹ್ನ, ಊರ ಹಿರಿಯರನ್ನು ಕರೆದು ರಂಗಪೂಜೆ ಮಾಡುತ್ತಾರೆ. ಬಂದವರಲ್ಲಿ ಎಲ್ಲರಿಗಿಂತ ಮುಂದೆ ನಮ್ಮಪ್ಪ, ಬಿಳಿ ರುಮಾಲು ಸುತ್ತಿಕೊಂಡು. ನಾನು ಗಡ್ಡ ಹಚ್ಚಿಕೊಂಡು ಪರದೆಯ ಮರೆಗೆ ನಿಂತಿದ್ದೆ. ಮಾಲೀಕರು ಹೆಮ್ಮೆಯಿಂದ ಕೈಹಿಡಿದು ಎಳೆದು ತಂದು ಅಪ್ಪನ ಎದುರಿಗೇ ನಿಲ್ಲಿಸಿದರು.

"ಇವ ನಮ್ಮ ವಿಲಾಯತಿ ಹುಡುಗ್ರಿ. ಪಾಪ, ತಂದಿ ಸತ್ತಾನ. ಸ್ವಾದರಮಾವ ಬಂದು ಒಪ್ಪಿಸ್ಯಾನ."

ಹೆತ್ತವನಿಗೆ ಗಡ್ಡ ಯಾವ ಲೆಕ್ಕ? ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಮೇಲೆ ಹೊದ್ದ ಶಲ್ಯ ಜಾರಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ಇವನ ತಂದಿ ನಾನ ರೀ" ಎಂದ.

ಹೊಡೆಯುತ್ತಾನೆ ಎಂದು ನಾನು ಕಾದೆ. ಅಪ್ಪ ಪೂಜೆಯ ತಟ್ಟೆಯಿಂದ ಎಲೆ ಅಡಿಕೆ, ತೆಂಗಿನಕಾಯಿ ಎತ್ತಿಕೊಂಡು ಎರಡೂ ಕೈಯಿಂದ ಮಾಲೀಕರ ಮುಂದೆ ಹಿಡಿದ. "ಆಗಿದ್ದು ಆತು, ಹೊಟ್ಟ್ಯಾಗ ಹಾಕ್ಕೋರಿ. ಈಗ ನಾ ಒಪ್ಪಿಸ್ತೇನಿ. ಅವನ್ನ ಇಟ್ಕೋರಿ."

ಮಾಲೀಕರು ಕೈಮುಗಿದರು. ತೆಗೆದುಕೊಳ್ಳಲಿಲ್ಲ.

"ಯಜಮಾನ್ರ, ಮೊದಲ ನೀವ ಬಂದಿದ್ರ ಕಣ್ಣಿಗೆ ಒತ್ತಿಕೊಂಡು ತಗೋತಿದ್ದೆ. ಇರೂ ತಂದಿನ್ನ ಸತ್ತಾನ ಅಂದಾಗ ಸುಮ್ಮನ ನಿಂತಾವ ಇವ. ಇಂಥಾವ ಖರೆ ಮನಷ್ಯಾ ಅಂತ ನಾ ಹ್ಯಾಂಗ ಕಾಗದ ಬರೀಲಿ?"

ಅಪ್ಪನ ಕೈ ಇನ್ನೂ ಚಾಚಿಯೇ ಇತ್ತು. ನಾನೇ ಹೋಗಿ ಅದನ್ನು ಕೆಳಗಿಳಿಸಬೇಕಾಯಿತು.

ಮನೆಯಲ್ಲಿ ಅವನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಮರುದಿನ ಬೆಳಗಿನ ಬಸ್ಸಿಗೆ ನನ್ನ ಜೊತೆಗೇ ಸ್ಟೇಷನ್ನಿಗೆ ಬಂದ. ಲಂಡನ್ನಿನ ಖೋಲಿ ಖಾಲಿ ಮಾಡಿ ಬರುತ್ತೇನೆ ಎಂದಷ್ಟೇ ನಾನು ಹೇಳಿದ್ದೆ. ಮುಂಬಯಿ ಕಡೆಯ ಗಾಡಿ ಬಂತು, ಹತ್ತಿ ಕುಳಿತೆ. ಅಪ್ಪ ಕಿಟಕಿಯ ಹತ್ತಿರ ಬಂದ.

"ಬ್ಯಾರೆ ಕಂಪನಿ ಎಲ್ಲೆರ ಐತೇನೋ? ಇದ್ರ ಹೇಳು, ಅಲ್ಲಿಗೂ ನಾ ಬರ್ತೇನಿ."

ಇನ್ನೊಂದು ಕಂಪನಿ ಸಿಕ್ಕರೂ ಎಂಟು ವಾರದ ಕೆಲಸಕ್ಕೆ ಏಳು ವಾರವೂ ಉಳಿದಿರಲಿಲ್ಲ. ಗಾಡಿ ಬಿಟ್ಟಿತು. ನಾನು ಏನಾದರೂ ಹೇಳಿಯೇನು ಎಂದು ಅಪ್ಪ ಕಿಟಕಿಯ ಸರಿಸಮಕ್ಕೆ, ಪ್ಲಾಟ್‌ಫಾರ್ಮು ಮುಗಿಯುವವರೆಗೂ ನಡೆದುಬಂದ.